ಪರ್ಷಿಯದ ಸೈನ್ಯ ಮತ್ತು ಸುಶೀಲತ್ತಿಯ ಕತ್ತರಿ

ಕೆಲವರಿಗೆ ದುಂಡುಮಲ್ಲಿಗೆಯ ವಾಸನೆ ಬಂದರೆ ತವರು ನೆನಪಾಗುತ್ತದೆ, ಕೆಲವರಿಗೆ ಬೀಸುಕಲ್ಲಿನ ಸದ್ದು ಕೇಳಿದರೆ. ನನಗೆ ಪರ್ಷಿಯದ ಸೈನಿಕರನ್ನು ಕಂಡರೆ ನೆನಪಾಗುತ್ತದೆ. ಅವರು ಸಂತೆಯಲ್ಲಿ, ಬಸ್ಸಿನಲ್ಲಿ ದಿನಾ ಎದುರಾಗುವವರಲ್ಲವಾದ್ದರಿಂದ ಇದರಿಂದ ನನಗೆ ಹೆಚ್ಚಿನ ತೊಂದರೆ ಆಗಿಲ್ಲ. ಆದರೆ ಕಳೆದ ವಾರ ಮಗಳ ಸಮಾಜ ವಿಜ್ಞಾನದ ಪುಸ್ತಕಕ್ಕೆ ಕಾಗದದ ಹೊದಿಕೆ ಹಾಕುತ್ತಿದ್ದಾಗ ಒಳಗಿನ ಪುಟವೊಂದರಲ್ಲಿ ಅಂಚೆಚೀಟಿಯಷ್ಟು ಜಾಗದಲ್ಲಿ ಒಬ್ಬ ನಿಂತಿದ್ದ. ಗುಂಗುರು ದಾಡಿ, ಕೈಯಲ್ಲಿ ಭರ್ಚಿ, ಕಾಲ ತನಕ ನಿಲುವಂಗಿ. ನಾನು ಅವನ ಮುಖ ನೋಡಲಿಲ್ಲ, ತೋಳು ನೋಡಿದೆ.

"ಈ ತೋಳಿಗೇ ಒಂದು ಮೀಟರ್ ಬಟ್ಟೆ ಹೋಗ್ತದ" ಎಂದೆ.

"ಅವ್ವಾ, ಅದು ಪರೀಕ್ಷಾಕ್ಕ ಬರೂದಿಲ್ಲ" ಎಂದಳು ಮಗಳು.

ಪರೀಕ್ಷೆಗೆ ಬಾರದ ವಿಷಯಗಳೇ ನನ್ನ ತಲೆಯಲ್ಲಿ ಗಟ್ಟಿಯಾಗಿ ಉಳಿದಿವೆ. ಅದಕ್ಕೆ ಕಾರಣ ನಮ್ಮ ಸುಶೀಲತ್ತಿ.

ಬಸವಕಲ್ಯಾಣದಲ್ಲಿ ಕೋಟೆಗೆ ಹೋಗುವ ದಾರಿಯ ಮೇಲೆ ಅಪ್ಪನ ಅಂಗಡಿ ಇತ್ತು. ಗುಂಡಿ, ದಾರ, ಹುಕ್ಕು, ಲೇಸು, ಬಳೆ, ರಿಬ್ಬನ್ನು, ಹೀಗೆ ಕಳೆದುಹೋದರೆ ಮಾತ್ರ ಮನುಷ್ಯನಿಗೆ ನೆನಪಾಗುವ ಸಾಮಾನುಗಳ ಅಂಗಡಿ. ಹಿಂದೆ ಮನೆ. ಅಂಗಡಿಗೂ ಮನೆಗೂ ನಡುವೆ ಒಂದು ಕೋಣೆ, ಅದರಲ್ಲಿ ಅತ್ತಿಯ ಹೊಲಿಗೆ ಮಶೀನು. ಸುಶೀಲತ್ತಿ ಅಪ್ಪನ ಒಬ್ಬಳೇ ತಂಗಿ. ಮುಡಬಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಮದುವೆಯಾದ ಮರುವರ್ಷವೇ ಗಂಡ ಜ್ವರ ಬಂದು ತೀರಿಕೊಂಡ. ಅಪ್ಪ ಹೋಗಿ ಕರೆದುಕೊಂಡು ಬಂದ. ಮನೆಯ ಹೊಸ್ತಿಲು ದಾಟುವಾಗ ಅತ್ತಿ, "ಅಣ್ಣಾ, ನನಗೊಂದು ಮಶೀನು ಕೊಡಸು. ಸುಮ್ಮ ಕುಂತು ಉಣ್ಣಾಕ ನನಗ ಬರೂದಿಲ್ಲ" ಎಂದಳಂತೆ. ಆಗ ಅವಳಿಗೆ ಇಪ್ಪತ್ತೂ ತುಂಬಿರಲಿಲ್ಲ. ನಾನು ಆಗಿನ್ನೂ ತೊಟ್ಟಿಲಲ್ಲಿದ್ದೆ, ಆದ್ದರಿಂದ ಈ ವಿಷಯದಲ್ಲಿ ಅಭಿಪ್ರಾಯ ಕೊಡುವ ಸ್ಥಿತಿಯಲ್ಲಿರಲಿಲ್ಲ.

ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅತ್ತಿ ಓಣಿಯ ಹೆಣ್ಣುಮಕ್ಕಳಿಗೆಲ್ಲ ಕುಪ್ಪಸ ಹೊಲಿಯುವವಳಾಗಿದ್ದಳು. ಅವಳಿಗೆ ಒಂದೇ ಕೊರಗು. ಬೇರೆ ಟೇಲರುಗಳ ಹತ್ತಿರ ಡಿಸೈನಿನ ಪುಸ್ತಕಗಳಿದ್ದವು, ಸೊಲ್ಲಾಪುರದಿಂದಲೋ ಮುಂಬೈಯಿಂದಲೋ ತರಿಸಿದ್ದು. ಹೊಳೆಯುವ ಹಾಳೆಯ ಮೇಲೆ ತೆಳ್ಳಗಿನ ಹೆಂಗಸರು ಸೊಂಟದ ಮೇಲೆ ಕೈಯಿಟ್ಟು ನಿಂತಿರುವ ಪುಸ್ತಕಗಳು. ಅಪ್ಪ ಸಾಮಾನು ತರಲು ಹೈದರಾಬಾದಿಗೆ ಹೊರಟಾಗಲೆಲ್ಲ ಅತ್ತಿ, "ಅಣ್ಣಾ, ಡಿಸೈನಿನ ಬುಕ್ಕು" ಎಂದು ನೆನಪಿಸುತ್ತಿದ್ದಳು. ಅಪ್ಪ ಮರೆತು ಬರುತ್ತಿದ್ದ. ತೊಂಬತ್ತರ ದಶಕ ಅರ್ಧ ಕಳೆದಿದ್ದಾಗ, ಒಂದು ಸಲ ಮರೆಯಲಿಲ್ಲ. ರವಿವಾರ ಅಲ್ಲಿ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕ ಹರವಿಕೊಂಡು ಕೂರುತ್ತಾರಲ್ಲ, ಅವರ ಹತ್ತಿರ ಒಂದನ್ನು ಕೊಂಡು ತಂದ. ಉದ್ದಗಲ ತಾಟಿನಷ್ಟು. ರಟ್ಟು ಕಿತ್ತಿತ್ತು, ಹೆಸರಿದ್ದ ಮೊದಲ ಹಾಳೆ ಹರಿದಿತ್ತು. ಒಳಗೆ ಬಣ್ಣಬಣ್ಣದ ಚಿತ್ರ.

ಅತ್ತಿ ಮಶೀನಿನ ಮೇಲೆ ಪುಸ್ತಕ ಇಟ್ಟು ಹಾಳೆ ತಿರುವಿದಳು. ಸೈನಿಕರು. ಇನ್ನೊಂದು ಹಾಳೆ ತಿರುವಿದಳು. ಮತ್ತೂ ಸೈನಿಕರು. ಕುದುರೆಯ ಮೇಲೆ ಸೈನಿಕರು, ನೆಲದ ಮೇಲೆ ಸೈನಿಕರು, ಕೆಲವು ಕಡೆ ಸತ್ತುಬಿದ್ದ ಸೈನಿಕರು.

"ಅಣ್ಣಾ, ಇದೇನು ತಂದಿ?"

"ಡಿಸೈನಿನ ಬುಕ್ಕು" ಎಂದ ಅಪ್ಪ.

"ಇವರೆಲ್ಲಾ ಗಂಡಸರು ಅದಾರಲ್ಲೋ. ಕೈಯಾಗ ಭರ್ಚಿ ಹಿಡಕೊಂಡಾರ."

"ಭರ್ಚಿ ಯಾಕ ನೋಡ್ತಿ, ಬಟ್ಟಿ ನೋಡು. ಮುಂದಿಂದ ತೋರಿಸ್ಯಾರ, ಹಿಂದಿಂದ ತೋರಿಸ್ಯಾರ. ಗುಂಡಿ ಬ್ಯಾರೆ ಬಿಡಿಸ್ಯಾರ, ಅಂಚು ಬ್ಯಾರೆ ಬಿಡಿಸ್ಯಾರ. ನಿನ್ನ ಮುಂಬೈ ಬುಕ್ಕಿನ್ಯಾಗ ಯಾವಾಕಿ ಬೆನ್ನು ತೋರಿಸ್ಯಾಳ ಹೇಳು?"

ಇದು ಗುಂಡಿ ಮಾರುವವನ ವಾದ, ಆದರೆ ಸೋಲಿಸಲಾಗದ ವಾದ. ಅದು ಗ್ರೀಕರೊಡನೆ ಕಾದಾಡಿದ ಪರ್ಷಿಯದ ಸೈನ್ಯದ ಮೇಲೆ ಇಂಗ್ಲಿಷಿನಲ್ಲಿ ಬರೆದ ಸಚಿತ್ರ ಆಕರಗ್ರಂಥ ಎಂಬುದು ಆಗ ನಮಗೆ ಯಾರಿಗೂ ತಿಳಿಯದು. ಆದರೆ ಬರೆದವರು ಎಲ್ಲಿಯವರೋ, ಅವರೊಳಗೊಬ್ಬ ದರ್ಜಿ ಇದ್ದಿರಬೇಕು. ಒಬ್ಬೊಬ್ಬ ಸೈನಿಕನನ್ನೂ ಎದುರಿನಿಂದ, ಹಿಂದಿನಿಂದ ನಿಲ್ಲಿಸಿ, ಪಕ್ಕದಲ್ಲಿ ತೋಳಿನ ಹೊಲಿಗೆ, ಅಂಚಿನ ಹೂ, ಚಪ್ಪಲಿಯ ದಾರ ಎಲ್ಲವನ್ನೂ ದೊಡ್ಡದಾಗಿ ಬಿಡಿಸಿ ಬಾಣದ ಗುರುತು ಹಾಕಿದ್ದರು. ಅರಮನೆಯ ಕಾವಲುಗಾರರ ನಿಲುವಂಗಿಯ ಮೇಲೆ ನಕ್ಷತ್ರದಂಥ ಹೂಗಳು. ಬಿಲ್ಲುಗಾರರ ಪಾಯಿಜಾಮದ ಮೇಲೆ ಕೆಂಪು, ಹಳದಿ, ನೀಲಿ ಚೌಕಗಳು. ಅತ್ತಿ ಆ ರಾತ್ರಿಯ ಊಟಕ್ಕೆ ತಡವಾಗಿ ಬಂದಳು. ಬಂದವಳು, "ಸಿಪಾಯಿ ಇದ್ರೇನು, ಮದಲಿಂಗ ಇದ್ರೇನು, ತೋಳು ತೋಳೇ" ಎಂದಳು.

ಹೀಗೆ ಪರ್ಷಿಯದ ಸೈನ್ಯ ಬಸವಕಲ್ಯಾಣವನ್ನು ಪ್ರವೇಶಿಸಿತು. ಪ್ರತಿಭಟನೆ ಏನೂ ಇರಲಿಲ್ಲ. ಮೊದಲು ಒಂದು ಕುಪ್ಪಸದ ತೋಳಿನ ಅಂಚಾಗಿ ಬಂತು, ಆಮೇಲೆ ಮಕ್ಕಳ ಫ್ರಾಕಿನ ಕೆಳಗೆ ಸುತ್ತುವ ಘೇರಾಗಿ, ಆಮೇಲೆ ದಿಂಬಿನ ಚೀಲವಾಗಿ. ಹೆಂಗಸರು ಅಳತೆ ಕೊಡಲು ಬಂದವರು ಪುಸ್ತಕ ತಿರುವಿ, "ಯವ್ವಾ ಸುಶೀಲಾ, ನನಗ ಈ ದಾಡಿಯಂವನ ತೋಳು ಇಡು" ಎನ್ನುತ್ತಿದ್ದರು. ಒಬ್ಬ ಮದುಮಗಳಿಗೆ ಸತ್ತುಬಿದ್ದವನ ಅಂಚು ಮನಸ್ಸಿಗೆ ಬಂದಿತ್ತು. ಅವಳ ತಾಯಿ ಅಪಶಕುನ ಎಂದಳು. ಅತ್ತಿ ಹುಡುಕಿ ಅದೇ ಅಂಚು ಹಾಕಿಕೊಂಡು ಇನ್ನೂ ಜೀವಂತವಾಗಿದ್ದವನೊಬ್ಬನನ್ನು ತೋರಿಸಿದ ಮೇಲೆ ಒಪ್ಪಿದಳು.

ನಾನು ಪದವಿಗೆ ಹುಮನಾಬಾದಿಗೆ ಹೋಗಬೇಕಾಗಿ ಬಂತು. ನಾನು ಆರಿಸಿಕೊಂಡ ವಿಷಯಗಳು ನಮ್ಮೂರಿನಲ್ಲಿ ಒಟ್ಟಿಗೆ ಸಿಗುತ್ತಿರಲಿಲ್ಲ. ದಿನಾ ಬಸ್ಸು. ನಮ್ಮ ಊರು ಬಿಟ್ಟು ಬಂಗ್ಲಾ ಕ್ರಾಸಿನಲ್ಲಿ ಹೆದ್ದಾರಿ ಸೇರಿದರೆ ಆಚೆ ಈಚೆ ತೊಗರಿಯ ಹೊಲ, ಲಾರಿಗಳ ಸಾಲು. ಹುಮನಾಬಾದ್ ಬಂದದ್ದನ್ನು ಕಣ್ಣು ಮುಚ್ಚಿಕೊಂಡೂ ಹೇಳಬಹುದಿತ್ತು. ಊರಿಗಿಂತ ಮೊದಲು ಔಷಧಿ ಕಾರ್ಖಾನೆಗಳ ವಾಸನೆ ಬಂದು ನಮ್ಮನ್ನು ಕರೆದುಕೊಂಡು ಹೋಗುತ್ತಿತ್ತು. ಸೀರೆಯುಟ್ಟು ಆ ಬಸ್ಸು ಹತ್ತುವುದು ಯುದ್ಧವೇ. ಅತ್ತಿ ನನಗೆ ಸಲ್ವಾರ್ ಕಮೀಜು ಹೊಲಿದುಕೊಟ್ಟಳು. ಯಾವ ಸಲ್ವಾರು ಅಂತೀರಿ? ಬಿಲ್ಲುಗಾರನದು. ಚೌಕದ ಮೇಲೆ ಚೌಕ, ಕೆಂಪು, ಹಳದಿ, ನೀಲಿ. ಮೂರು ಬಟ್ಟೆಯ ಥಾನುಗಳಲ್ಲಿ ಉಳಿದ ತುಂಡುಗಳನ್ನು ಜೋಡಿಸಿ ಹೊಲಿದದ್ದು. ಮೊದಲ ದಿನವೇ ಕಾಲೇಜಿನಲ್ಲಿ ನನಗೆ ಇಸ್ಪೀಟು ರಾಣಿ ಎಂದು ಹೆಸರು ಬಿತ್ತು. ಮನೆಗೆ ಬಂದು ಅಳುತ್ತ ಕುಳಿತೆ. ಅತ್ತಿ, "ರಾಣಿ ಅಂದಾರಲ್ಲ, ಗುಲಾಮ ಅಂದಿಲ್ಲಲ್ಲ" ಎಂದು ತಿರುಗಿ ಮಶೀನು ತುಳಿಯತೊಡಗಿದಳು.

ನಮಗೆ ಇತಿಹಾಸ ಹೇಳುತ್ತಿದ್ದವರು ಧನರಾಜ ಸರ್. ಹತ್ತಿರದ ಕೊಡಂಬಲ ಎಂಬ ಹಳ್ಳಿಯವರು. ನಲವತ್ತರ ಹತ್ತಿರ ಬಂದಿದ್ದರು, ಮದುವೆಯಾಗಿರಲಿಲ್ಲ. ಹುಮನಾಬಾದಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಅದರ ತುಂಬ ಪುಸ್ತಕ ತುಂಬಿ, ತಾವು ಬಾಗಿಲ ಹತ್ತಿರ ಮಲಗುತ್ತಿದ್ದರಂತೆ. ಪಾಠ ಮಾಡುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ನೆಲ ನೋಡಿಕೊಂಡೇ ಹೇಳುತ್ತಿದ್ದರು. ಹಾಗೆ ನೆಲ ನೋಡಿಕೊಂಡು ಒಂದು ದಿನ ಗ್ರೀಕರ, ಪರ್ಷಿಯನ್ನರ ಯುದ್ಧ ಹೇಳುತ್ತ ಮೊದಲ ಬೆಂಚಿನ ಹತ್ತಿರ ಬಂದರು. ಮೊದಲ ಬೆಂಚಿನ ಕೆಳಗೆ ನನ್ನ ಸಲ್ವಾರು ಇತ್ತು. ಸರ್ ಮಾತು ನಿಲ್ಲಿಸಿದರು.

"ಇದು ಎಲ್ಲೀದು?"

"ಏನ್ರಿ ಸರ್?"

"ಈ ಸಲ್ವಾರು."

ಆ ಕಾಲದಲ್ಲಿ, ಆ ಊರಿನಲ್ಲಿ, ಮೇಷ್ಟ್ರೊಬ್ಬರು ತರಗತಿಯಲ್ಲಿ ಹುಡುಗಿಯ ಸಲ್ವಾರಿನ ಬಗ್ಗೆ ಕೇಳುವುದೆಂದರೆ ಏನು ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಹಿಂದಿನ ಬೆಂಚಿನವರು ಮುಂದೆ ಬಗ್ಗಿದರು. ಸರ್‌ಗೆ ಅದೊಂದೂ ತಿಳಿಯಲಿಲ್ಲ. "ಇದು ಪರ್ಷಿಯದ ದೊರೆ ಹತ್ರ ಇದ್ದ ಬಿಲ್ಲುಗಾರರು ಹಾಕೋದು. ಎರಡೂವರೆ ಸಾವಿರ ವರ್ಷ ಆತು, ಇದನ್ನ ಯಾರೂ ಹಾಕಿಲ್ಲ. ನಿನಗ ಹ್ಯಾಂಗ ಸಿಕ್ತು?"

"ನಮ್ಮ ಅತ್ತಿ ಹೊಲದಾಳ್ರಿ" ಎಂದೆ.

ಮುಂದಿನ ರವಿವಾರ ಸರ್ ಬಸವಕಲ್ಯಾಣದಲ್ಲಿ, ನಮ್ಮ ಅಂಗಡಿಯ ಮುಂದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದರು. ಅಪ್ಪ ಗುಂಡಿಯ ಗಿರಾಕಿ ಎಂದು ತಿಳಿದು ಡಬ್ಬಿ ಇಳಿಸಿದ. ಪುಸ್ತಕ ನೋಡಬೇಕು ಎಂದಾಗ, ಮೇಷ್ಟ್ರು ಎಂಬ ಗೌರವಕ್ಕೆ ಒಳಗೆ ಕರೆದು ಚಹಾ ಕೊಡಿಸಿದ. ಅತ್ತಿ ಪುಸ್ತಕವನ್ನು ಸೀರೆಯ ಸೆರಗಿನಿಂದ ಒರೆಸಿ ಮುಂದಿಟ್ಟಳು. ಸರ್ ಅದನ್ನು ಹಸುಗೂಸನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡರು. ಹಾಳೆಗಳ ಮೇಲೆ ಅಲ್ಲಲ್ಲಿ ಸೀಮೆಸುಣ್ಣದ ಗೆರೆಗಳಿದ್ದವು, ದಾಡಿಯವನ ಎದೆಗೆ ಒಂದು ಗುಂಡುಸೂಜಿ ಚುಚ್ಚಿತ್ತು. ಸರ್ ಅದನ್ನು ಮೆಲ್ಲಗೆ ತೆಗೆದು ಅತ್ತಿಯ ಕೈಗೆ ಕೊಟ್ಟರು.

ಅವತ್ತಿನಿಂದ ರವಿವಾರಕ್ಕೊಮ್ಮೆ ಬಂದರು. ಅಂಗಡಿಗೂ ಕೋಣೆಗೂ ನಡುವಿನ ಬಾಗಿಲು ತೆರೆದೇ ಇರುತ್ತಿತ್ತು, ಅಪ್ಪ ದುಡ್ಡಿನ ಗಲ್ಲೆಯ ಹಿಂದೆ, ನಾನು ಹುಕ್ಕು ಹಚ್ಚುತ್ತ ಕೆಳಗೆ, ಅತ್ತಿ ಮಶೀನಿನ ಮುಂದೆ, ಸರ್ ಸ್ಟೂಲಿನ ಮೇಲೆ. ಅವರು ಒಂದೊಂದು ಚಿತ್ರದ ಕೆಳಗಿನ ಇಂಗ್ಲಿಷನ್ನು ಓದಿ ಹೇಳುವುದು, ಅತ್ತಿ ಕೇಳುತ್ತ ಹೊಲಿಯುವುದು. ಸೇತುವೆ ಕಟ್ಟಿದ್ದನ್ನು ಸಮುದ್ರ ಒಡೆದುಹಾಕಿತೆಂದು ಪರ್ಷಿಯದ ದೊರೆ ಸಮುದ್ರಕ್ಕೇ ಚಾವಟಿಯಿಂದ ಹೊಡೆಸಿದ ಕಥೆ ಹೇಳಿದರು. ಅತ್ತಿ ಮಶೀನು ನಿಲ್ಲಿಸಿ, "ಸಮುದ್ರ ಏನಂತ್ರಿ?" ಎಂದು ಕೇಳಿದಳು.

"ಏನೂ ಅನ್ನಲಿಲ್ಲ."

"ನಾನೂ ಹಂಗೇ ಇರ್ತೀನ್ರಿ" ಎಂದು ಅತ್ತಿ ಮತ್ತೆ ತುಳಿಯತೊಡಗಿದಳು. ಅವಳಿಗೆ ಅಷ್ಟೊತ್ತಿಗೆ ಓಣಿಯಲ್ಲಿ ಆಡಿಕೊಳ್ಳುತ್ತಿದ್ದದ್ದು ಕಿವಿಗೆ ಬಿದ್ದಿತ್ತೆಂದು ಕಾಣುತ್ತದೆ.

ಒಂದು ರವಿವಾರ ಸರ್ ನಮ್ಮ ಮಾತಿನಲ್ಲಿ ಸೇರಿಹೋಗಿರುವ ಪಾರಸಿ, ಅಂದರೆ ಪರ್ಷಿಯದ, ಶಬ್ದಗಳ ಬಗ್ಗೆ ಹೇಳಿದರು. ದರ್ಜಿ ಅನ್ನುವುದು ಪಾರಸಿ. ಬಟ್ಟೆಯ ಒಳಪದರಕ್ಕೆ ಹಾಕುವ ಆಸ್ತರ ಪಾರಸಿ. ಪಾಯಿಜಾಮಾ, ರುಮಾಲು, ಜರಿ ಎಲ್ಲಾ ಅಲ್ಲಿಯವೇ. "ಪರ್ಷಿಯದವರು ತಮ್ಮ ಮಾತು ತಮಗ ವಾಪಸ್ ಕೊಡ್ರಿ ಅಂದ್ರ ನಿಮ್ಮ ಕೋಣ್ಯಾಗ ಮಶೀನು ಒಂದೇ ಉಳೀತದ" ಎಂದರು. ಗಲ್ಲೆಯ ಹಿಂದಿನಿಂದ ಅಪ್ಪ, "ಬಾಜಾರ ಯಾರದ್ರಿ?" ಎಂದು ಕೇಳಿದ. ಅದೂ ಅವರದೇ ಎಂದರು ಸರ್. ಅಪ್ಪ ಅಂಗಡಿಯ ಸಾಮಾನನ್ನೆಲ್ಲ ಒಮ್ಮೆ ತಿರುಗಿ ನೋಡಿದ.

ದೀಪಾವಳಿಯ ಹೊತ್ತಿಗೆ ಸರ್ ತಮ್ಮ ಕೋಣೆಯಿಂದ ಇನ್ನೊಂದು ಪುಸ್ತಕ ತಂದರು. ಅದೇ ಅಳತೆಯದು, ಅದೇ ಬಗೆಯ ಚಿತ್ರಗಳದು, ಆದರೆ ಗ್ರೀಕರ ಸೈನ್ಯದ ಮೇಲಿನದು. ವಿದ್ಯಾರ್ಥಿಯಾಗಿದ್ದಾಗ ಊಟ ಬಿಟ್ಟು ಕೊಂಡದ್ದಂತೆ. ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ ಎಂದು ಕಾಲೇಜಿಗೆಲ್ಲ ಗೊತ್ತಿತ್ತು. ಕಂದು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ತಂದು ಮಶೀನಿನ ಮೇಲಿಟ್ಟು, "ಇದು ನಿಮಗ" ಎಂದರು. ಅತ್ತಿ ದಾರ ಬಿಚ್ಚಿ ಹಾಳೆ ತಿರುವಿದಳು. ಹಿತ್ತಾಳೆಯ ಶಿರಸ್ತ್ರಾಣ, ಗುಂಡು ಢಾಲು, ಬರಿಯ ತೊಡೆ. ಇನ್ನೊಂದು ಹಾಳೆ. ಬರಿಯ ತೊಡೆ, ಬರಿಯ ಬೆನ್ನು.

"ಇದ್ರಾಗ ಹೊಲ್ಯೋದು ಏನದ್ರಿ?" ಎಂದಳು. "ಅರ್ಧ ಮಂದಿ ಉಟ್ಟೇ ಇಲ್ಲ."

"ಗ್ರೀಕರು ಹಂಗೇರಿ. ಪಾಯಿಜಾಮಾ ಹಾಕೋದು ಹೆಂಗಸರ ಲಕ್ಷಣ ಅಂತ ಪರ್ಷಿಯದವರಿಗೆ ನಗ್ತಿದ್ರು."

"ನಕ್ಕವರು ಥಂಡ್ಯಾಗ ಏನು ಮಾಡ್ತಿದ್ರು?"

ಸರ್‌ಗೆ ಈ ಪ್ರಶ್ನೆ ಹೊಸದಾಗಿತ್ತು. ನೋಡಿ ಹೇಳುತ್ತೇನೆ ಎಂದರು. ಅವರು ಇತಿಹಾಸ ಓದಿದ್ದು ಗ್ರೀಕರ ಕಡೆಯಿಂದ, ಅತ್ತಿ ಪರ್ಷಿಯದ ಕಡೆಯವಳು. ಒಬ್ಬರನ್ನೊಬ್ಬರು ಗೆಲ್ಲಲು ಅವರಿಬ್ಬರೂ ಬಹಳ ತಿಂಗಳು ಹೋರಾಡಿದರು. ಯಾರೂ ಸೋಲುವ ಅವಸರ ತೋರಿಸಲಿಲ್ಲ.

ಹೊಸ ಶತಮಾನ ಬಂತು. ನನ್ನ ಕೊನೆಯ ವರ್ಷದ ಪರೀಕ್ಷೆ ಹತ್ತಿರ ಬಂದಿತ್ತು. ಅಂಥ ಒಂದು ರವಿವಾರ ಸರ್ ಪುಸ್ತಕ ಮುಚ್ಚಿ ಕೈ ಜೋಡಿಸಿಕೊಂಡು ಕುಳಿತರು. ಅಪ್ಪ ಅಂಗಡಿಯಲ್ಲಿ ಗಿರಾಕಿಯೊಡನೆ ಬಳೆಯ ಅಳತೆಯ ಬಗ್ಗೆ ಚರ್ಚೆ ನಡೆಸಿದ್ದ.

"ಸುಶೀಲಾಬಾಯಿ, ಮುಂದಿನ ವಾರದಿಂದ ನಾನು ಬರೂದಿಲ್ಲ."

"ಯಾಕ್ರಿ?"

"ಎರಡೂ ಪುಸ್ತಕ ಮುಗದಾವ. ಒಂದು ಚಿತ್ರಾನೂ ಉಳಿದಿಲ್ಲ. ಇನ್ನ ಬರಾಕ ನನ್ನ ಹತ್ರ ಕಾರಣ ಇಲ್ಲ. ನಿಮ್ಮ ಹತ್ರ ಯಾವುದಾದ್ರೂ ಇದ್ರ ಹೇಳ್ರಿ." ಇಷ್ಟನ್ನು ಅವರು ನೆಲ ನೋಡಿಕೊಂಡೇ ಹೇಳಿದರು.

ನಾನು ಹಚ್ಚುತ್ತಿದ್ದ ಹುಕ್ಕನ್ನು ಉಲ್ಟಾ ಹಚ್ಚಿದೆ. ಇಲ್ಲಿ ನಿಮಗೊಂದು ಮಾತು ಹೇಳಬೇಕು. ಅತ್ತಿ ಗಂಡಸರ ಬಟ್ಟೆ ಹೊಲಿಯುತ್ತಿರಲಿಲ್ಲ. ವಿಧವೆಯಾದ ಹೆಂಗಸು ಗಂಡಸರ ಭುಜಕ್ಕೆ ಟೇಪು ಹಿಡಿಯುವುದು ನಮ್ಮೂರಲ್ಲಿ ಸಾಧ್ಯವಿರಲಿಲ್ಲ. ಅಪ್ಪನ ಅಂಗಿಯನ್ನೂ ಬೇರೆ ಕಡೆ ಹೊಲಿಸುತ್ತಿದ್ದರು. ಅತ್ತಿ ಹಲ್ಲಿನಿಂದ ದಾರ ಕಡಿದಳು, ಎದ್ದಳು, ಕೊರಳಲ್ಲಿದ್ದ ಟೇಪು ತೆಗೆದಳು.

"ಎದ್ದು ನಿಂದರ್ರಿ" ಎಂದಳು. "ಅಂಗಿ ಅಳತಿ ತಗೋತೀನಿ. ಒಯ್ಯಾಕ ಬರಬೇಕಾಗ್ತದ."

ಸರ್ ಎದ್ದು ನಿಂತರು. ಪುಸ್ತಕದಲ್ಲಿನ ಯಾವ ಕಾವಲುಗಾರನೂ ಅಷ್ಟು ನೆಟ್ಟಗೆ ನಿಂತಿರಲಿಲ್ಲ.

ಅವರು ಅಪ್ಪನನ್ನೂ ಕೇಳಿದರು, ಅದೇ ದಿನ, ಗಲ್ಲೆಯ ಮುಂದೆ ನಿಂತು. "ನಮ್ಮ ಮಂದಿ ಯಾರು ಅಂತ ನಿಮಗ ಗೊತ್ತದ. ನಮ್ಮ ಅಪ್ಪ ಬ್ಯಾರೇವ್ರ ಹೊಲದಾಗ ದುಡದಾರ, ನಮ್ಮ ಮನ್ಯಾಗ ಬುದ್ಧನ ಫೋಟೋ ಅದ. ಮುಚ್ಚೋದೇನಿಲ್ಲ. ನಿಮ್ಮ ತಂಗೀನ ನಾನು ಮದುವಿ ಆಗಬೇಕು ಅಂತೀನಿ." ಅಪ್ಪ ಗುಂಡಿಯ ಡಬ್ಬಿಯೊಂದನ್ನು ಗಲ್ಲೆಯ ಮೇಲೆ ಸುರುವಿ, ಬಿಳಿಯವನ್ನು ಬೇರೆ, ಕರಿಯವನ್ನು ಬೇರೆ ಮಾಡತೊಡಗಿದ. ಅವು ಮೊದಲೇ ಬೇರೆ ಬೇರೆಯಾಗಿಯೇ ಇದ್ದವು.

ನಮ್ಮ ಊರಿನ ಬಗ್ಗೆ ನಿಮಗೆ ಗೊತ್ತಿದೆ. ಎಂಟು ನೂರು ವರ್ಷಗಳ ಹಿಂದೆ ಇಲ್ಲಿ ಇಂಥದೇ ಒಂದು ಮದುವೆಯಾಗಿ ಊರೇ ಹೊತ್ತಿ ಉರಿಯಿತು. ಅಂದಿನಿಂದ ಆ ಮದುವೆಯ ಮೇಲೆ ನಮ್ಮಲ್ಲಿ ಪ್ರತಿ ವರ್ಷ ಭಾಷಣಗಳಾಗುತ್ತವೆ. ಓಣಿಯ ಹಿರಿಯ ಚನ್ನಪ್ಪ ಮುತ್ಯಾ ಆ ಭಾಷಣ ಮಾಡುವುದರಲ್ಲಿ ಹೆಸರಾದವರು. ಮದುವೆಯ ಭಾಗಕ್ಕೆ ಬಂದಾಗ ಕೇಳುವವರ ಕಣ್ಣು ಒದ್ದೆಯಾಗುತ್ತಿತ್ತು. ಅಪ್ಪನದೂ. ದಿನಾ ಮುಂಜಾನೆ ಪೂಜೆ ಮುಗಿಸಿ ವಚನ ಓದದೆ ಅಪ್ಪ ಅಂಗಡಿಯ ಬಾಗಿಲು ತೆರೆದವನಲ್ಲ. ವಿಷಯ ತಿಳಿದು ಚನ್ನಪ್ಪ ಮುತ್ಯಾ ಅಂಗಡಿಗೆ ಬಂದರು.

"ಶರಣಪ್ಪಾ, ಇದು ಆಗೋ ಮಾತಲ್ಲ" ಎಂದರು ಅಪ್ಪನಿಗೆ.

"ಮುತ್ಯಾ, ನೀವೇ ಅಲ್ಲೇನ್ರಿ ವರ್ಷಾ ಹೇಳೋದು, ಆ ಮದುವಿ ಆಗಿದ್ದು ಛಲೋ ಆತು ಅಂತ?"

"ಅದು ಇತಿಹಾಸೋ ತಮ್ಮಾ" ಎಂದರು ಮುತ್ಯಾ, ಮಗುವಿಗೆ ಹೇಳುವ ಹಾಗೆ. "ಇದು ಮನೀ ವಿಷಯ."

ಆ ಮೇಲೆ ಅತ್ತಿಯ ಗಿರಾಕಿಗಳು ಕಡಿಮೆಯಾದರು. ಯಾರೂ ಜಗಳ ಮಾಡಲಿಲ್ಲ. ದಾಡಿಯವನ ತೋಳು ಬೇಕೆನ್ನುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಹಳೆಯ ಕುಪ್ಪಸಗಳೇ ಸರಿಯಾಗತೊಡಗಿದವು. ಅತ್ತಿ ಇದ್ದ ಬಟ್ಟೆ ಹೊಲಿದು ಮುಗಿಸಿದಳು. ಮುಗಿದ ಮೇಲೆ ಖಾಲಿ ಮಶೀನಿನ ಮುಂದೆ ಕುಳಿತಳು. ಅಪ್ಪ ಮಾತು ಬಿಟ್ಟಿದ್ದ. ಸಿಟ್ಟಿಗಲ್ಲ, ಏನು ಹೇಳಬೇಕೆಂದು ತಿಳಿಯದೆ. ಅವ್ವ ಇಬ್ಬರಿಗೂ ಬೇರೆ ಬೇರೆ ಬಡಿಸಿ, ಇಬ್ಬರಿಗೂ ಒಂದೇ ಮಾತು ಹೇಳುತ್ತಿದ್ದಳು, "ಉಣ್ಣು, ಆರಿಹೋಗ್ತದ."

ಕೊನೆಗೆ ಒಂದು ಮುಂಜಾನೆ, ಅಪ್ಪ ವಚನದ ಪುಸ್ತಕ ಮುಚ್ಚಿ ಕಣ್ಣಿಗೊತ್ತಿಕೊಳ್ಳುವ ತನಕ ಕಾದು ಅತ್ತಿ ಹತ್ತಿರ ಬಂದು ನಿಂತಳು.

"ಅಣ್ಣಾ, ಹುಮನಾಬಾದ್ ರಜಿಸ್ಟರ್ ಕಚೇರ್ಯಾಗ ನಮ್ಮ ಮದುವಿ ನೋಟಿಸು ಅಂಟಸ್ಯಾರ. ಒಂದು ತಿಂಗಳು ಆದ್ಮ್ಯಾಲೆ ಸಹಿ."

ಅಪ್ಪ ಪುಸ್ತಕವನ್ನು ದೇವರ ಗೂಡಿನಲ್ಲಿಟ್ಟ.

"ನೀನು ಹೂಂ ಅನ್ನು ಅಂತ ಕೇಳಾಕತ್ತಿಲ್ಲ. ಮುಡಬಿಗೆ ಕೊಡೋವಾಗ ನನ್ನ ಯಾರೂ ಕೇಳಲಿಲ್ಲ, ಈಗ ನಾನೂ ಯಾರನ್ನೂ ಕೇಳಾಕತ್ತಿಲ್ಲ. ನೀನು ಬರ್ತೀಯೇನು, ಅಷ್ಟ ಕೇಳಾಕತ್ತೀನಿ."

"ನೋಡ್ತೀನಿ" ಎಂದ ಅಪ್ಪ. ಹೈದರಾಬಾದಿಗೆ ಹೋಗುವಾಗ ಡಿಸೈನಿನ ಪುಸ್ತಕಕ್ಕೂ ಅವನು ಅದೇ ಮಾತು ಹೇಳುತ್ತಿದ್ದ. ಆದ್ದರಿಂದ ನಮಗೆ ಅದರಲ್ಲಿ ವಿಶ್ವಾಸ ಉಳಿದಿರಲಿಲ್ಲ.

ಆ ದಿನ ಬಂತು. ಅತ್ತಿ ಹಸಿರು ಸೀರೆ ಉಟ್ಟಳು. ನಾನು ಹುಟ್ಟಿದ ಮೇಲೆ ಅವಳ ಮೈಮೇಲೆ ಹಸಿರು ಕಂಡದ್ದು ಅದೇ ಮೊದಲು. ನಾವು ಎದ್ದಾಗ ಅಪ್ಪ ಮನೆಯಲ್ಲಿರಲಿಲ್ಲ. ಅಂಗಡಿಗೆ ಬೀಗ ಬಿದ್ದಿತ್ತು. ಊರವರ ಮುಖ ನೋಡಲಾರದೆ ಎಲ್ಲೋ ಹೋಗಿದ್ದಾನೆ ಎಂದಳು ಅವ್ವ. ಅತ್ತಿ ಬೀಗವನ್ನು ಸ್ವಲ್ಪ ಹೊತ್ತು ನೋಡಿ, "ನಡೀರಿ, ಬಸ್ಸು ಹೋಗ್ತದ" ಎಂದಳು. ಅವ್ವ, ನಾನು, ಅತ್ತಿ ಮೂವರೂ ಹೋದೆವು. ಕಚೇರಿಯಲ್ಲಿ ಸರ್ ಅತ್ತಿ ಹೊಲಿದ ಅಂಗಿ ಹಾಕಿಕೊಂಡು, ಇಬ್ಬರು ಮೇಷ್ಟ್ರುಗಳೊಡನೆ ನಿಂತಿದ್ದರು. ಅಂಗಿಯ ತೋಳು ಸ್ವಲ್ಪ ಅಗಲವಾಗಿತ್ತು. ಎಷ್ಟಾದರೂ ಅತ್ತಿ ಪರ್ಷಿಯದ ಪದ್ಧತಿಯವಳು. ನಾವು ಬಾಗಿಲು ನೋಡುತ್ತ ಕುಳಿತೆವು. ಗುಮಾಸ್ತ ಊಟಕ್ಕೆ ಹೋಗಬೇಕೆಂದ. ಸಹಿಯಾಯಿತು. ಅತ್ತಿಯ ಕಡೆಯ ಸಾಕ್ಷಿಯಾಗಿ ಅವ್ವ ಸಹಿ ಮಾಡಿದಳು, ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವಳ ಗುಂಡಗಿನ ಅಕ್ಷರದಲ್ಲಿ. ಅತ್ತಿ ಅಳಲಿಲ್ಲ. ಸಹಿ ಮಾಡಿದ ಮೇಲೆ ಒಂದು ಸಲ ಹಿಂದೆ ತಿರುಗಿ ಬಾಗಿಲು ನೋಡಿದಳು ಅಷ್ಟೆ.

ಊಟ ಕೊಡಂಬಲದಲ್ಲಿ, ಸರ್ ಅವರ ತಾಯಿ ಕಾಶಿಬಾಯಿಯ ಮನೆಯಲ್ಲಿ. ಒಂದು ಜೀಪಿನಲ್ಲಿ ಹೋದೆವು. ಜೀಪು ನಿಂತಿತು. ಇಳಿದು ನೋಡಿದರೆ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಅಪ್ಪ ಕುಳಿತಿದ್ದ. ಒಗೆದ ಧೋತರ, ಹಣೆಯ ಮೇಲೆ ವಿಭೂತಿ. ಎದುರಿಗೆ ನೆಲದ ಮೇಲೆ ಕಾಶಿಬಾಯಿ. ಇಬ್ಬರೂ ತೊಗರಿಗೆ ಬಿದ್ದ ಹುಳದ ಬಗ್ಗೆ ಮಾತಾಡುತ್ತಿದ್ದರು. ಮೊದಲ ಬಸ್ಸಿಗೇ ಬಂದು, ದಾರಿ ಕೇಳಿ ಕೇಳಿ ಮನೆ ಹುಡುಕಿದ್ದನಂತೆ.

"ಇಷ್ಟು ತಡಾ ಮಾಡ್ತಾರೇನು?" ಎಂದ ನಮ್ಮನ್ನು ನೋಡಿ.

ಅತ್ತಿ ಅವನ ಮುಂದೆ ಬಂದು ನಿಂತಳು. "ಕಚೇರಿಗೆ ಯಾಕ ಬರಲಿಲ್ಲ ಅಣ್ಣಾ?"

"ಅಲ್ಲಿ ಸಹಿ ಮಾಡೋರು ಬೇಕಾಗಿತ್ತು. ಸಹಿ ಯಾರರ ಮಾಡ್ತಾರ" ಎಂದ ಅಪ್ಪ. "ಇಲ್ಲಿ ಉಣ್ಣೋರು ಬೇಕಲ್ಲ."

ಒಳಗೆ ಸಾಲಾಗಿ ಕುಳಿತೆವು. ಅಕ್ಕಪಕ್ಕದವರು ಬಾಗಿಲಲ್ಲಿ ತುಂಬಿಕೊಂಡು ನಿಂತಿದ್ದರು. ಕಾಶಿಬಾಯಿ ಅಪ್ಪನ ಮುಂದೆ ಹೊಸ ತಾಟು ಇಟ್ಟು, ಅದರಲ್ಲಿ ಬಾಳೆಹಣ್ಣು, ಪಕ್ಕದಲ್ಲಿ ಒಂದು ಲೋಟ ಹಾಲು ಇಟ್ಟಳು. "ನಿಮಗಂತನೇ ತರಿಸೀನ್ರಿ. ನಮ್ಮ ಮನೀ ಅಡಗಿ ನಿಮಗ..." ಎಂದು ಅರ್ಧಕ್ಕೆ ಬಿಟ್ಟಳು.

"ಬಾಳೆಹಣ್ಣು ತಿನ್ನಾಕ ಬಸವಕಲ್ಯಾಣದಿಂದ ಬರಬೇಕೇನ್ರಿ?" ಎಂದ ಅಪ್ಪ. "ರೊಟ್ಟಿ ಹಾಕ್ರಿ."

ಕಾಶಿಬಾಯಿ ರೊಟ್ಟಿ ಹಾಕಿದಳು, ಪುಂಡಿಪಲ್ಯ ಬಡಿಸಿದಳು. ಅ‍ಪ್ಪ ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿ ಬಾಯಿಗಿಟ್ಟ. ಬಾಗಿಲಲ್ಲಿದ್ದವರೆಲ್ಲ ಅವನ ದವಡೆ ಅಲುಗುವುದನ್ನೇ ನೋಡುತ್ತಿದ್ದರು. ನನ್ನ ಅಪ್ಪ ಪರರ ಮನೆಯ ಊಟಕ್ಕೆ ಜನ್ಮದಲ್ಲಿ ತಪ್ಪು ತೆಗೆದು ಹೆಸರಿಟ್ಟವನಲ್ಲ. ಹಳಸಿದ್ದು ಬಡಿಸಿದರೂ ಅಮೃತ ಎಂದು ಹೇಳಿ ಎದ್ದು ಬರುತ್ತಿದ್ದ. ಹೆಸರಿಡುವುದೇನಿದ್ದರೂ ಸ್ವಂತ ಮನೆಯವರ ಕೈಯಡಿಗೆಗೆ ಮಾತ್ರ.

ಅಪ್ಪ ತುತ್ತು ನುಂಗಿದ. ತಾಟನ್ನು ನೋಡಿದ.

"ಉಪ್ಪು ಸ್ವಲ್ಪ ಕಡಿಮಿ ಅದ್ರಿ" ಎಂದ.

ಸರ್ ಕೈ ನಿಂತಿತು. ಬಾಗಿಲಲ್ಲಿದ್ದವರು ಕಾಶಿಬಾಯಿಯ ಕಡೆ ತಿರುಗಿದರು. ಅವ್ವ ಮಾತ್ರ ಅತ್ತಿಯ ಕಡೆ ನೋಡಿದಳು, ಅತ್ತಿ ತಲೆ ತಗ್ಗಿಸಿಕೊಂಡು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಕಾಶಿಬಾಯಿ ಸೊಂಟದ ಮೇಲೆ ಕೈಯಿಟ್ಟು ಅಪ್ಪನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು.

"ಅದೇನ್ರಿ, ಬೀಗತನ ಆದ ದಿನಾನೇ ಶುರು ಮಾಡಿದ್ರಿ?" ಎಂದು, ಉಪ್ಪಿನ ಬಟ್ಟಲು ತಂದು ಅವನ ಮುಂದೆ ಕುಕ್ಕಿ, ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು.